ಚಿತ್ರ ಚೆನ್ನಾಗಿದೆ, ಕಥೆ ಯಾಕೆ ಹಿಡಿಯಲಿಲ್ಲ?

ಪ್ರಶ್ನೆ: ಸರ್, ನಾನು ಶಿವಮೊಗ್ಗದವಳು. ನನ್ನ ತಮ್ಮ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅವನಿಗೆ ಕಿರುಚಿತ್ರ ಮಾಡುವ ಹುಚ್ಚು. ಹಬ್ಬಕ್ಕೆ ಊರಿಗೆ ಬಂದಾಗ ಇಬ್ಬರೂ ಕೂತು ‘ಡೆಲಿವರ್ ಅಸ್ ಫ್ರಮ್ ಈವಿಲ್’ ಎಂಬ ಕೊರಿಯನ್ ಕ್ರೈಮ್ ಥ್ರಿಲ್ಲರ್ ನೋಡಿದೆವು. ಬ್ಯಾಂಕಾಕಿನ ಆ ಹಳದಿ ಬಿಸಿಲು, ಹೊಡೆದಾಟ, ಬಿಳಿ ಕೋಟಿನ ವಿಲನ್, ಎಲ್ಲ ಇನ್ನೂ ಕಣ್ಣ ಮುಂದೆ ಇದೆ. ಆದರೆ ಮುಗಿದ ಅರ್ಧ ಗಂಟೆಗೆ ಅಮ್ಮ ಕಥೆ ಏನು ಅಂತ ಕೇಳಿದರೆ ನನಗೆ ಎರಡು ಸಾಲು ಹೇಳಲೂ ಆಗಲಿಲ್ಲ. ತಮ್ಮ ಹೇಳುತ್ತಾನೆ, “ಅಕ್ಕಾ, ಆ್ಯಕ್ಷನ್ ಸಿನಿಮಾಗೆ ಕಥೆ ಬೇಕಾಗಿಲ್ಲ. ಅಲ್ಲದೆ ಸಬ್‌ಟೈಟಲ್‌ನಲ್ಲಿ ಅರ್ಧ ಹೋಗಿದೆ.” ಕೊರಿಯನ್ನರು ಕಥೆಯಲ್ಲಿ ಎಡವುವುದೇ ಇಲ್ಲ ಅಂತ ಕೇಳಿದ್ದೆ. ನನಗೇ ಸಿನಿಮಾ ನೋಡೋಕೆ ಬರಲ್ವಾ? ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿದೆ. ಉಳಿಸಿದ ದುಡ್ಡಿನಲ್ಲಿ ಇದೇ ಥರದ 20 ನಿಮಿಷದ ಚಿತ್ರ ಮಾಡಲು ಅವನು ಹೊರಟಿದ್ದಾನೆ. ಕ್ಯಾಮೆರಾ, ಲೆನ್ಸ್ ಬಾಡಿಗೆಗೆ ಮಾತಾಡಿ ಆಗಿದೆ. ಕಥೆ ಮಾತ್ರ ಒಂದೇ ಪುಟ. ನಾನು ಅವನಿಗೆ ಏನು ಹೇಳಲಿ?

ಉತ್ತರ: ಮೊದಲು ನಿಮ್ಮ ಸಂಕೋಚ ಬಿಡಿ. ನಿಮಗೆ ಸಿನಿಮಾ ನೋಡೋಕೆ ಚೆನ್ನಾಗಿಯೇ ಬರುತ್ತದೆ. ಬಣ್ಣ ನೆನಪಿದೆ, ಯಾರು ಯಾಕೆ ಏನು ಮಾಡಿದರು ಅನ್ನೋದು ನೆನಪಿಲ್ಲ ಅಂದರೆ, ಆ ಸಿನಿಮಾ ಯಾವುದಕ್ಕೆ ದುಡಿದಿದೆಯೋ ಅದು ನಿಮ್ಮಲ್ಲಿ ಉಳಿದಿದೆ, ದುಡಿಯದೆ ಬಿಟ್ಟದ್ದು ಉಳಿದಿಲ್ಲ. ನಿಮ್ಮ ತಮ್ಮನ ಮಾತಿನಲ್ಲೂ ಸ್ವಲ್ಪ ನಿಜ ಇದೆ. ನಿಮ್ಮನ್ನು ಕೊರೆಯುತ್ತಿರುವುದು ಅವನ ದುಡ್ಡು ಮತ್ತು ಆ ಒಂದು ಪುಟ ಅಂತ ನನಗೆ ಅರ್ಥವಾಗಿದೆ, ಅದಕ್ಕೆ ಬರುತ್ತೇನೆ. ಆದರೆ ಅವನು ಮೆಚ್ಚಿರುವುದು ಈ ಸಿನಿಮಾವನ್ನು. ಹಾಗಾಗಿ ಮಾತು ಇದರಿಂದಲೇ ಶುರುವಾಗಬೇಕು.

ನಾನು ಸಂಕಲನಕಾರ. ಜತೆಗೆ ಹೊಸಬರ ಸ್ಕ್ರಿಪ್ಟ್ ಓದಿ ಅಭಿಪ್ರಾಯ ಹೇಳುತ್ತೇನೆ. ಯಾರೋ ಬೆವರು ಸುರಿಸಿ ತೆಗೆದ ಚಂದದ ಶಾಟನ್ನು ಪಕ್ಕಕ್ಕಿಡುವುದು ನನ್ನ ಕೆಲಸದ ದೊಡ್ಡ ಭಾಗ. ಚಂದ ಎಲ್ಲಿ ಕಥೆಯ ಜತೆ ಕೂಡುತ್ತದೆ, ಎಲ್ಲಿ ಸುಮ್ನೆ ನಿಂತುಬಿಡುತ್ತದೆ ಅನ್ನೋದು ನನಗೆ ದಿನವೂ ಎದುರಾಗುವ ಪ್ರಶ್ನೆ. ಸಿನಿಮಾ ನೋಡದವರಿಗೆ ಒಂದು ಮಾತು: ಕೆಳಗೆ ಕ್ಲೈಮ್ಯಾಕ್ಸ್‌ವರೆಗಿನ ವಿಷಯ ಬರುತ್ತದೆ.

ಹೆಸರಿನಲ್ಲಿ ಗೊಂದಲ ಬೇಡ. 2014ರಲ್ಲಿ ಇದೇ ಇಂಗ್ಲಿಷ್ ಹೆಸರಿನ ಅಮೆರಿಕನ್ ಹಾರರ್ ಸಿನಿಮಾ ಬಂದಿತ್ತು. ನೀವು ನೋಡಿದ್ದು 2020ರ ಆಗಸ್ಟ್ 5ರಂದು ದಕ್ಷಿಣ ಕೊರಿಯಾದಲ್ಲಿ ಬಿಡುಗಡೆಯಾದ, ಹಾಂಗ್ ವನ್-ಚಾನ್ ಬರೆದು ನಿರ್ದೇಶಿಸಿದ ಚಿತ್ರ. ಅವಧಿ 108 ನಿಮಿಷ. ಅಮ್ಮನಿಗೆ ಹೇಳಲು ಸಿಗದ ಕಥೆ ಹೀಗಿದೆ. ಇನ್‌ನಾಮ್ ಹಿಂದೆ ಸರ್ಕಾರದ ಗುಪ್ತ ಕಾರ್ಯಾಚರಣೆಯಲ್ಲಿದ್ದವನು, ಈಗ ದುಡ್ಡಿಗೆ ಕೊಲೆ ಮಾಡುವವನು. ಜಪಾನಿನಲ್ಲಿ ಕೊರೆಡಾ ಎಂಬ ಯಕುಜಾನನ್ನು (ಅಲ್ಲಿನ ಭೂಗತ ಗ್ಯಾಂಗಿನವನನ್ನು) ಮುಗಿಸಿ, ಈ ಕಸುಬು ಬಿಟ್ಟು ಪನಾಮಾಕ್ಕೆ ಹೋಗಿ ನೆಲೆಸುವ ಆಸೆ ಅವನದು. ಅಷ್ಟರಲ್ಲಿ ಅವನು ಹಿಂದೆ ಪ್ರೀತಿಸಿ ಬಿಟ್ಟುಹೋಗಿದ್ದ ಯಂಗ್-ಜು ಬ್ಯಾಂಕಾಕಿನಲ್ಲಿ ಕೊಲೆಯಾಗುತ್ತಾಳೆ. ಅವಳ ಮಗಳು ಯು-ಮಿನ್‌ಳನ್ನು ಅಂಗಾಂಗ ಮಾರುವ ಜಾಲದವರು ಎತ್ತಿಕೊಂಡು ಹೋಗಿದ್ದಾರೆ. ಆ ಮಗು ತನ್ನದೇ ಅಂತ ಇನ್‌ನಾಮ್‌ಗೆ ಗೊತ್ತಾಗುತ್ತದೆ. ಇನ್ನೊಂದು ಕಡೆ ಕೊರೆಡಾನ ಸೋದರ ರೇ ಸೇಡು ತೀರಿಸಲು ಇನ್‌ನಾಮ್ ಹಿಂದೆ ಬೀಳುತ್ತಾನೆ. ಬ್ಯಾಂಕಾಕಿನಲ್ಲಿ ಇನ್‌ನಾಮ್‌ಗೆ ಭಾಷೆ ಮತ್ತು ದಾರಿ ತೋರಿಸಲು ಯುಯಿ ಎಂಬ ಕೊರಿಯನ್ ಟ್ರಾನ್ಸ್ ಮಹಿಳೆ ಸಿಗುತ್ತಾಳೆ. ಕೊನೆಗೆ ಇನ್‌ನಾಮ್ ರೇಯನ್ನೂ ಕರೆದುಕೊಂಡೇ ಸಾಯುತ್ತಾನೆ. ಮಗು ಯುಯಿ ಜತೆ ಪನಾಮಾ ತಲುಪುತ್ತದೆ.

ಸಬ್‌ಟೈಟಲ್ ವಿಷಯ ಮೊದಲು ಮುಗಿಸೋಣ. ಕೊರಿಯನ್ ಭಾಷೆಯಲ್ಲಿ ಯಾರು ಯಾರಿಗೆ ಎಷ್ಟು ಗೌರವ ಕೊಟ್ಟು ಮಾತಾಡುತ್ತಾರೆ ಅನ್ನೋದು ಕ್ರಿಯಾಪದದ ಕೊನೆಯಲ್ಲೇ ಕೇಳಿಸುತ್ತದೆ. ನಮ್ಮ ‘ಬಾ’, ‘ಬನ್ನಿ’ ಥರ, ಆದರೆ ಅದಕ್ಕಿಂತ ಹೆಚ್ಚು ಮೆಟ್ಟಿಲುಗಳಿವೆ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಅದು ಬಹುಪಾಲು ಹೋಗುತ್ತದೆ. ಈ ಸಿನಿಮಾದಲ್ಲಂತೂ ಕೊರಿಯನ್, ಜಪಾನಿ, ಥಾಯ್ ಮೂರೂ ಓಡಾಡುತ್ತವೆ. ಯಾರು ಯಾವ ಭಾಷೆಗೆ ಹೊರಳಿದರು ಅನ್ನೋದು ನಮಗೆ ಅಷ್ಟಾಗಿ ತಿಳಿಯುವುದಿಲ್ಲ. ನಷ್ಟ ಇದೆ, ಒಪ್ಪೋಣ. ಆದರೆ ಹೋಗುವುದು ಮಾತಿನ ರುಚಿ. ಒಂದು ಘಟನೆಯಿಂದ ಇನ್ನೊಂದು ಯಾಕೆ ಹುಟ್ಟಿತು ಅನ್ನೋದು ಸಬ್‌ಟೈಟಲ್‌ನಲ್ಲಿ ಕಳೆದುಹೋಗುವುದಿಲ್ಲ. ನಿಮಗೆ ಸಿಗದೇ ಹೋದದ್ದು ಈ ಎರಡನೆಯದು. ಅದು ಕೊರಿಯನ್ ಬಲ್ಲವರಿಗೂ ಅಲ್ಲಿ ಸಿಗುವುದಿಲ್ಲ.

ಕೊರಿಯನ್ನರು ಕಥೆಯಲ್ಲಿ ಎಡವುವುದಿಲ್ಲ ಅನ್ನೋದೂ ಹೀಗೇ ಬೆಳೆದ ನಂಬಿಕೆ. ಅಲ್ಲಿ ವರ್ಷಕ್ಕೆ ನೂರಾರು ಸಿನಿಮಾ ತಯಾರಾಗುತ್ತವೆ. ಬಹಳ ವರ್ಷ ನಮಗೆ ತಲುಪುತ್ತಿದ್ದದ್ದು ಪ್ರಶಸ್ತಿ ಗೆದ್ದವು, ಚಿತ್ರೋತ್ಸವಗಳಲ್ಲಿ ಹೆಸರು ಮಾಡಿದವು, ಗೆಳೆಯರು “ಇದನ್ನು ನೋಡಲೇಬೇಕು” ಅಂತ ಪೆನ್‌ಡ್ರೈವ್‌ನಲ್ಲಿ ಕೊಟ್ಟವು ಮಾತ್ರ. ಸೋಸಿದ ಮೇಲೆ ಬಂದದ್ದನ್ನು ನೋಡಿ ಇಡೀ ಬೆಳೆಯೇ ಹೀಗೆ ಅಂದುಕೊಂಡೆವು. ಈಗ ಒಟಿಟಿಯಲ್ಲಿ ಎಲ್ಲವೂ ಬರುತ್ತಿದೆ. ಸಾಧಾರಣ ಚಿತ್ರಗಳೂ ಕಣ್ಣಿಗೆ ಬೀಳುತ್ತಿವೆ. ಅಷ್ಟೇ ವ್ಯತ್ಯಾಸ.

ಇನ್ನು ಈ ಸಿನಿಮಾದ ಚಂದದ ಬಗ್ಗೆ. ಅದು ನಿಜವಾದ ಚಂದ, ಮನಸ್ಸು ಬಿಚ್ಚಿ ಹೊಗಳಬೇಕಾದದ್ದು. ಛಾಯಾಗ್ರಾಹಕ ಹಾಂಗ್ ಕ್ಯುಂಗ್-ಪ್ಯೋ ಇವತ್ತು ಜಗತ್ತಿನ ದೊಡ್ಡ ಕ್ಯಾಮೆರಾಮನ್‌ಗಳಲ್ಲಿ ಒಬ್ಬರು ಅಂತ ನಾನು ನಂಬುತ್ತೇನೆ. ಜಪಾನಿನ ಭಾಗದಲ್ಲಿ ಬೆಳಕು ತಣ್ಣಗೆ, ಮಂಕಾಗಿ ಇದೆ. ಬ್ಯಾಂಕಾಕಿಗೆ ಇಳಿದ ಕೂಡಲೇ ಬಿಸಿಲು, ಬೆವರು, ಧೂಳು. ಇನ್‌ನಾಮ್‌ನೊಳಗೆ ಸತ್ತಿದ್ದ ಏನೋ ಒಂದು ಬೆಚ್ಚಗಾಗಲು ಶುರುವಾಯಿತು ಅಂತ ಮಾತಿಲ್ಲದೆ ಹೇಳುವ ದಾರಿ ಅದು. ಹೊಡೆದಾಟಗಳಲ್ಲಿ ಏಟು ಬೀಳುವ ಗಳಿಗೆಗೆ ದೃಶ್ಯದ ವೇಗ ತಗ್ಗುತ್ತದೆ, ತಕ್ಷಣ ಮತ್ತೆ ಏರುತ್ತದೆ. ಏಟಿನ ತೂಕ ನಿಮ್ಮ ಮೈಗೇ ತಾಗುತ್ತದೆ. ಕ್ಯಾಮೆರಾ ವಿಭಾಗ, ಫೈಟ್ ಮಾಸ್ಟರ್, ಸಂಕಲನ ಮೂವರೂ ಶೂಟಿಂಗಿಗೆ ಮುಂಚೆಯೇ ಕೂತು ಮಾತಾಡದೆ ಇದು ಆಗುವ ಕೆಲಸವಲ್ಲ. ಕೊರಿಯಾದ ಬ್ಲೂ ಡ್ರ್ಯಾಗನ್ ಪ್ರಶಸ್ತಿಗಳಲ್ಲಿ ಈ ಚಿತ್ರಕ್ಕೆ ಛಾಯಾಗ್ರಹಣದ ಪ್ರಶಸ್ತಿ ಬಂತು. ನಿಮ್ಮ ತಮ್ಮ ಬೆರಗಾದದ್ದರಲ್ಲಿ ತಪ್ಪೇನಿಲ್ಲ.

ಆದರೆ ಇದೇ ಹಾಂಗ್ ಕ್ಯುಂಗ್-ಪ್ಯೋ ಒಂದು ವರ್ಷ ಮುಂಚೆ ‘ಪ್ಯಾರಸೈಟ್’ ಚಿತ್ರಕ್ಕೆ ಕ್ಯಾಮೆರಾ ಹಿಡಿದವರು. ಅಲ್ಲಿ ಬಡ ಕುಟುಂಬ ಇರುವುದು ಅರ್ಧ ನೆಲದೊಳಗಿನ ಮನೆಯಲ್ಲಿ. ಕಿಟಕಿಗೆ ಕಾಣುವುದು ಬೀದಿಯ ನೆಲ. ಸಾಹುಕಾರರ ಮನೆಯ ಗಾಜಿನ ಗೋಡೆ ತುಂಬ ಬಿಸಿಲು. ಆ ಮನೆ ಸಿನಿಮಾಕ್ಕಾಗಿಯೇ ಕಟ್ಟಿದ ಸೆಟ್. ಸೂರ್ಯ ಎಲ್ಲಿಂದ ಬರುತ್ತಾನೆ ಅಂತ ಲೆಕ್ಕ ಹಾಕಿ ಅದರ ದಿಕ್ಕು ಗೊತ್ತುಮಾಡಿದ್ದರು. ಮಳೆಯ ರಾತ್ರಿ ಆ ಕುಟುಂಬ ಮೆಟ್ಟಿಲು ಇಳಿದು, ಇನ್ನೂ ಇಳಿದು, ತಮ್ಮ ಮನೆಗೆ ಬರುವ ದೃಶ್ಯ ನೋಡಿ. ನೋಡಲು ಎಷ್ಟು ಚಂದ! ಹಾಗೆಯೇ ಅದನ್ನು ಕತ್ತರಿಸಿ ತೆಗೆದರೆ ಕಥೆ ಮುರಿಯುತ್ತದೆ. ನೀರು ಎಲ್ಲಿಗೆ ಹರಿಯಿತು, ಯಾರ ಮನೆ ಮುಳುಗಿತು, ಮರುದಿನ ಯಾರ ಮೈ ವಾಸನೆಗೆ ಯಾರು ಮೂಗು ಮುಚ್ಚಿದರು, ಎಲ್ಲಕ್ಕೂ ಬೇರು ಆ ಇಳಿತದಲ್ಲಿದೆ. ಕ್ಯಾಮೆರಾ ಹಿಡಿದ ಕೈ ಅದೇ. ಬದಲಾದದ್ದು ಆ ಕೈಗೆ ಸಿಕ್ಕ ಬರಹ.

ಅದಕ್ಕೇ “ದೃಶ್ಯ ಚೆನ್ನಾಗಿದೆ, ಕಥೆ ದುರ್ಬಲ” ಅಂತ ಎರಡನ್ನೂ ಬೇರೆ ಬೇರೆ ಮಾಡಿ ಅಂಕ ಕೊಡುವುದು ನನಗೆ ಅಷ್ಟು ಹಿಡಿಸುವುದಿಲ್ಲ. ಕಥೆ ಸೋತರೆ ದೃಶ್ಯವೂ ಅರ್ಧ ಸೋತಂತೆ. ಬ್ಯಾಂಕಾಕಿನ ಹಳದಿ ಬಿಸಿಲು ಮೊದಲ ಸಲ ಬಂದಾಗ ಏನೋ ಹೇಳುತ್ತದೆ. ಆಮೇಲಿನ ದೃಶ್ಯಗಳಲ್ಲಿ ಅದು ಹೇಳುವುದು ಅದನ್ನೇ. ಇನ್‌ನಾಮ್ ಅಲ್ಲಿ ಹೊಸದಾಗಿ ಏನನ್ನೂ ಆಯ್ಕೆ ಮಾಡುವುದಿಲ್ಲ. ಹಾಗಾಗಿ ಬೆಳಕಿಗೂ ಹೊಸ ಮಾತಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹಾಂಗ್ ವನ್-ಚಾನ್ 2008ರ ‘ದಿ ಚೇಸರ್’ ಚಿತ್ರದ ಸ್ಕ್ರಿಪ್ಟ್ ಮೇಲೆ ಕೆಲಸ ಮಾಡಿದ್ದವರು. ನಿರ್ದೇಶಕ ನಾ ಹಾಂಗ್-ಜಿನ್ ಅವರ ಮೊದಲ ಪೂರ್ಣಾವಧಿ ಚಿತ್ರ ಅದು. ಎರಡರ ಮೂಳೆ ಹೆಚ್ಚುಕಮ್ಮಿ ಒಂದೇ. ಕೊಳಕು ಕಸುಬಿನ ಒಬ್ಬ ಗಂಡಸು, ಅಪಾಯಕ್ಕೆ ಸಿಕ್ಕ ಒಬ್ಬ ಹೆಂಗಸು, ಅವಳ ಪುಟ್ಟ ಮಗಳು. ‘ದಿ ಚೇಸರ್’ನ ನಾಯಕ ಜುಂಗ್-ಹೋ ಮೊದಲು ಪೊಲೀಸ್ ಆಗಿದ್ದವನು, ಈಗ ಹೆಣ್ಣುಗಳನ್ನು ಗಿರಾಕಿಗಳ ಬಳಿ ಕಳಿಸುವ ದಲ್ಲಾಳಿ. ಅವನ ಹುಡುಗಿಯರು ಒಬ್ಬೊಬ್ಬರೇ ಕಾಣೆಯಾಗುತ್ತಿದ್ದಾರೆ. ಅವನಿಗೆ ಅವರ ಚಿಂತೆ ಇಲ್ಲ, ಚಿಂತೆ ದುಡ್ಡಿನದು. ಯಾರೋ ತನ್ನ ಹುಡುಗಿಯರನ್ನು ಮಾರುತ್ತಿದ್ದಾನೆ ಅಂತ ಸಿಟ್ಟು. ಜ್ವರ ಬಂದು ಮಲಗಿದ್ದ ಮಿ-ಜಿನ್ ಎಂಬುವಳನ್ನು ಬಲವಂತವಾಗಿ ಕೆಲಸಕ್ಕೆ ಕಳಿಸುವುದೂ ಅವನೇ. ಆಮೇಲೆ ಕೊಲೆಗಾರ ಬೇಗನೇ ಸಿಕ್ಕಿಬೀಳುತ್ತಾನೆ! ಕೊಂದೆ ಅಂತ ಒಪ್ಪಿಕೊಳ್ಳುತ್ತಾನೆ ಕೂಡ. ಆದರೆ ಪೊಲೀಸರ ಹತ್ತಿರ ಸಾಕ್ಷಿ ಇಲ್ಲ. 12 ಗಂಟೆಯೊಳಗೆ ಸಾಕ್ಷಿ ಸಿಗದಿದ್ದರೆ ಬಿಟ್ಟುಬಿಡಬೇಕು. ಮಿ-ಜಿನ್ ಎಲ್ಲೋ ಇನ್ನೂ ಉಸಿರಾಡುತ್ತಿದ್ದಾಳೆ. ಅವಳ ಮಗಳು ಜುಂಗ್-ಹೋನ ಕಾರಿನಲ್ಲಿ ಕೂತಿದ್ದಾಳೆ.

ಈಗ ಆ ಗಲ್ಲಿಗಳನ್ನು ನೋಡಿ. ರಾತ್ರಿ, ಏರು ದಾರಿ, ಒಂದಕ್ಕೊಂದು ಅಂಟಿಕೊಂಡ ಮನೆಗಳು. ದೃಶ್ಯದಲ್ಲಿ ಬಣ್ಣದ ಜಾದೂ ಏನಿಲ್ಲ. ಆದರೆ ಪ್ರತಿ ಬಾಗಿಲು ನೋಡಿದಾಗಲೂ ಹೊಟ್ಟೆಯೊಳಗೆ ಕಲಸಿದಂತಾಗುತ್ತದೆ, ಯಾಕೆಂದರೆ ಅವಳು ಅದರ ಹಿಂದೆ ಇರಬಹುದು. ದುಡ್ಡಿಗಾಗಿ ಹುಡುಕಲು ಹೊರಟವನು ಯಾವಾಗ ಅವಳಿಗಾಗಿ ಹುಡುಕಲು ಶುರುಮಾಡಿದ ಅಂತ ಗೊತ್ತೇ ಆಗದಂತೆ ಬದಲಾಗುತ್ತಾನೆ. ಕೊನೆಯ ಭಾಗದಲ್ಲಿ ಒಂದು ಪುಟ್ಟ ಅಂಗಡಿಯಲ್ಲಿ ನಡೆಯುವುದನ್ನು ನಾನು ಇಲ್ಲಿ ಹೇಳುವುದಿಲ್ಲ. ನಿಮ್ಮ ತಮ್ಮನ ಜತೆ ಕೂತು ನೋಡಿ.

ಇನ್‌ನಾಮ್ ಕಡೆ ಬನ್ನಿ. ಮಗು ತನ್ನದು ಅಂತ ಗೊತ್ತಾದ ಕ್ಷಣದಿಂದ ಅವನು ಎಲ್ಲಕ್ಕೂ ಸಿದ್ಧ. ಒಳಗೆ ಎಳೆದಾಟ ಇಲ್ಲ. ಎಲ್ಲ ಕಲೆಯೂ ಮುಂಚೆಯೇ ಗೊತ್ತಿದೆ, ಆದ್ದರಿಂದ ಹೊರಗಿನ ಅಡ್ಡಿಯೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಯು-ಮಿನ್ ಇಡೀ ಸಿನಿಮಾದಲ್ಲಿ ಮಾತಾಡುವುದೇ ಅಪರೂಪ. ಭಯದಿಂದ ಮಗುವಿನ ಬಾಯಿ ಕಟ್ಟಿದೆ, ಅದು ನಿಜವೇ. ಆದರೆ ಬರವಣಿಗೆಯಲ್ಲಿ ಅದರ ಪರಿಣಾಮ ಬೇರೆ. ಅವಳು ಏನು ಇಷ್ಟಪಡುತ್ತಾಳೆ, ಅಮ್ಮನ ಜತೆ ಹೇಗಿದ್ದಳು, ಈ ಅಪರಿಚಿತ ಗಂಡಸನ್ನು ಯಾಕೆ ನಂಬಬೇಕು, ಒಂದೂ ನಮಗೆ ಮನಸ್ಸಿಗೆ ಇಳಿಯುವುದಿಲ್ಲ. ಅವಳು ಎತ್ತಿಕೊಂಡು ಬರಬೇಕಾದ ಒಂದು ಗಂಟಾಗಿ ಉಳಿಯುತ್ತಾಳೆ.

ರೇ ವಿಷಯವೂ ಹಾಗೆ. ಸೋದರನ ಅಂತ್ಯಕ್ರಿಯೆಗೆ ಬಿಳಿ ಕೋಟು ತೊಟ್ಟು ಬರುವ ಆ ಎಂಟ್ರಿ ಮರೆಯುವಂಥದ್ದಲ್ಲ. ಕುತ್ತಿಗೆ ತುಂಬ ಹಚ್ಚೆ, ಮುಖದಲ್ಲಿ ದುಃಖದ ಸುಳಿವೇ ಇಲ್ಲ. ರೇ ಪಾತ್ರದ ಲೀ ಜುಂಗ್-ಜೇ ಮುಂದೆ ‘ಸ್ಕ್ವಿಡ್ ಗೇಮ್’ ಸರಣಿಯಿಂದ ಮನೆಮಾತಾದರು. ಇಲ್ಲಿ ಅವರು ಆ ಪಾತ್ರವನ್ನು ನಡಿಗೆ, ಬಟ್ಟೆ, ಕಣ್ಣಿನಲ್ಲೇ ಕಟ್ಟಿದ್ದಾರೆ. ಆದರೆ ಅವನಿಗೆ ಆ ಸೋದರ ಏನಾಗಿದ್ದ? ಒಂದು ದೃಶ್ಯವೂ ಇಲ್ಲ. ರೇಗೆ ಕೊಲ್ಲುವುದೇ ಚಟ ಅಂತ ಅರ್ಥ ಮಾಡಿಕೊಳ್ಳಬಹುದು, ಮತ್ತು ಅಂಥ ವಿಲನ್ ಬೇಕಾದಷ್ಟು ಭಯ ಹುಟ್ಟಿಸಬಹುದು. ಆದರೆ ಚಟಕ್ಕೆ ಕೊಲ್ಲುವವನು ಇನ್‌ನಾಮ್‌ನ ಹಿಂದೆಯೇ ಯಾಕೆ ಓಡಬೇಕು? ಯಾರಾದರೂ ಆಗಬಹುದಿತ್ತಲ್ಲ?

ನನ್ನ ಪ್ರಕಾರ ದೊಡ್ಡ ಬಿರುಕು ಇದಕ್ಕಿಂತ ಕೆಳಗಿದೆ. ಈ ಸಿನಿಮಾದಲ್ಲಿ ಎರಡು ಕಥೆ ಇವೆ. ಒಂದು ಮಗುವನ್ನು ಬಿಡಿಸುವುದು, ಇನ್ನೊಂದು ರೇಯ ಸೇಡು. ಕೊರೆಡಾನ ಕೊಲೆಯಿಂದ ಮಗು ಅಪಹರಣ ಆಗಲಿಲ್ಲ. ಮಗು ಅಪಹರಣದಿಂದ ರೇ ಹುಟ್ಟಲಿಲ್ಲ. ಎರಡೂ ಒಂದೇ ವಾರದಲ್ಲಿ ಒಬ್ಬನ ತಲೆ ಮೇಲೆ ಬಿದ್ದವು, ಅಷ್ಟೆ. ಜೋಡಿ ಎತ್ತುಗಳಿವೆ, ನೊಗ ಇಲ್ಲ. ನೀವೇ ಪರೀಕ್ಷೆ ಮಾಡಿ. ರೇಯನ್ನು ಪೂರ್ತಿ ತೆಗೆದುಬಿಡಿ. ಇನ್‌ನಾಮ್ ಆಗಲೂ ಬ್ಯಾಂಕಾಕಿಗೆ ಹೋಗುತ್ತಾನೆ, ಗೂಂಡಾಗಳನ್ನು ಹೊಡೆಯುತ್ತಾನೆ, ಮಗು ಸಿಗುತ್ತದೆ. ಮಗುವನ್ನು ತೆಗೆದುಬಿಡಿ. ರೇ ಯಾವ ಊರಿಗೆ ಬೇಕಾದರೂ ಇನ್‌ನಾಮ್‌ನನ್ನು ಅಟ್ಟಿಸಿಕೊಂಡು ಹೋಗಬಲ್ಲ. ‘ದಿ ಚೇಸರ್’ನಲ್ಲಿ ಇದೇ ಪರೀಕ್ಷೆ ಮಾಡಲು ಹೋದರೆ ಆ 12 ಗಂಟೆಯ ಗಡುವು, ಆ ಮಗಳು, ಆ ಬಾಗಿಲು ಎಲ್ಲ ಒಟ್ಟಿಗೇ ಕುಸಿಯುತ್ತವೆ. ಅಮ್ಮ ಕಥೆ ಕೇಳಿದಾಗ ನಿಮಗೆ ಎರಡು ಸಾಲು ಸಿಗದಿದ್ದುದಕ್ಕೆ ಕಾರಣ ಇದೇ. ಕಾರಣಗಳ ದಾರ ಇದ್ದರೆ ನೆನಪು ಅದನ್ನು ಹಿಡಿದುಕೊಂಡು ಬರುತ್ತದೆ.

“ಆ್ಯಕ್ಷನ್ ಸಿನಿಮಾಗೆ ಕಥೆ ಬೇಕಾಗಿಲ್ಲ” ಅನ್ನುವ ತಮ್ಮನ ಮಾತನ್ನು ಈಗ ತೂಗಿ ನೋಡಬಹುದು. ದೊಡ್ಡ ಕಥೆ ಬೇಕಾಗಿಲ್ಲ, ನಿಜ. ಒಂದು ಸಾಲಿನ ಕಥೆ ಸಾಕು. ಚಿಕ್ಕ ಕಥೆ ಬೇರೆ, ಸಡಿಲ ಕಥೆ ಬೇರೆ. ಹಾಗೆಯೇ ಬಿಡಿಸದೆ ಬಿಟ್ಟ ಕಥೆಯೂ ಬೇರೆ. ಹಾಂಗ್ ಕ್ಯುಂಗ್-ಪ್ಯೋ ಅವರೇ ತೆಗೆದ, ಲೀ ಚಾಂಗ್-ಡಾಂಗ್ ನಿರ್ದೇಶನದ 2018ರ ‘ಬರ್ನಿಂಗ್’ನಲ್ಲಿ ಒಬ್ಬ ಹುಡುಗಿ ಕಾಣೆಯಾಗುತ್ತಾಳೆ. ಏನಾಯಿತು ಅಂತ ಕೊನೆವರೆಗೂ ಖಚಿತವಾಗಿ ಹೇಳುವುದಿಲ್ಲ. ಆದರೆ ಒಂದು ಡ್ರಾಯರ್‌ನಲ್ಲಿ ಕಾಣುವ ಅಗ್ಗದ ಕೈಗಡಿಯಾರ, ಒಂದು ಬೆಕ್ಕು, ಇವು ನಿಮ್ಮ ನಿದ್ದೆ ಕೆಡಿಸುತ್ತವೆ. ಅಲ್ಲಿ ಉತ್ತರ ಇಲ್ಲ, ಆದರೂ ಕಥೆ ಬಿಗಿಯಾಗಿದೆ.

ಹಾಗಾದರೆ ಈ ಸಿನಿಮಾದಲ್ಲಿ ಬರವಣಿಗೆ ಎಲ್ಲೂ ಇಲ್ವಾ? ಇದೆ. ಯುಯಿ ಬಂದಾಗಲೆಲ್ಲ ಇದೆ. ಅವಳಿಗೆ ಲಿಂಗ ಬದಲಾವಣೆಯ ಶಸ್ತ್ರಚಿಕಿತ್ಸೆಗೆ ದುಡ್ಡು ಬೇಕು, ಅದಕ್ಕೇ ಈ ಕೆಲಸ ಒಪ್ಪಿಕೊಳ್ಳುತ್ತಾಳೆ. ಗುಂಡು ಹಾರಿದಾಗ ಹೆದರುತ್ತಾಳೆ. ಬಿಟ್ಟು ಓಡಬೇಕೋ ಉಳಿಯಬೇಕೋ ಅಂತ ಅವಳ ಮುಖದಲ್ಲಿ ಲೆಕ್ಕ ನಡೆಯುವುದು ಕಾಣುತ್ತದೆ. ಅವಳು ಉಳಿದರೆ ಅವಳಿಗೆ ನಷ್ಟ ಇದೆ. ಆದ್ದರಿಂದ ಅವಳು ಮಗುವಿನ ಕೈ ಹಿಡಿದಾಗ ನಮಗೆ ಗಂಟಲು ಕಟ್ಟುತ್ತದೆ. ಪಾರ್ಕ್ ಜುಂಗ್-ಮಿನ್‌ಗೆ ಇದೇ ಪಾತ್ರಕ್ಕೆ ಬ್ಲೂ ಡ್ರ್ಯಾಗನ್ ಪೋಷಕ ನಟ ಪ್ರಶಸ್ತಿ ಬಂದದ್ದು ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ. ನಟನೆ ಒಳ್ಳೆಯದು, ಜತೆಗೆ ನಟಿಸಲು ಏನಾದರೂ ಇದ್ದ ಪಾತ್ರ ಅದು. ಹೊಡೆದಾಟ ಗೊತ್ತಿಲ್ಲದ ಯುಯಿಯನ್ನೇ ನಡುವೆ ಇಟ್ಟು ಈ ಸಿನಿಮಾ ಬರೆದಿದ್ದರೆ ಎಷ್ಟು ಗಟ್ಟಿಯಾಗುತ್ತಿತ್ತು ಅಂತ ನೋಡುವಾಗೆಲ್ಲ ಅನ್ನಿಸಿದೆ.

ಆ ಹಳದಿ ಬಣ್ಣದ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಬಿಸಿಲಿನ ದೇಶ ಅಂದರೆ ಹಳದಿ ಬಳಿಯುವುದು ಹಲವು ದೇಶಗಳ ಸಿನಿಮಾದವರಿಗೆ ರೂಢಿಯಾಗಿಬಿಟ್ಟಿದೆ. ನಮ್ಮ ಊರುಗಳನ್ನು ಹೊರಗಿನವರು ತೆಗೆದಾಗಲೂ ಇದೇ ಬಣ್ಣ, ಅಲ್ವಾ? ಈ ಚಿತ್ರದಲ್ಲಿ ಬ್ಯಾಂಕಾಕ್ ಅಂದರೆ ಅಪಹರಣ, ಬಂದೂಕು, ಲಂಚದ ಪೊಲೀಸ್. ಅಲ್ಲಿ ಹುಟ್ಟಿ ಬೆಳೆದ ಒಬ್ಬ ಮನುಷ್ಯನೂ ಮನಸ್ಸಿನಲ್ಲಿ ಉಳಿಯುವುದಿಲ್ಲ. ಊರಿನವರು ಬರೀ ಹಿನ್ನೆಲೆಯಾದಾಗ ನಾಯಕನಿಗೆ ಎದುರು ನಿಲ್ಲುವವರೂ ಕಮ್ಮಿಯಾಗುತ್ತಾರೆ. ಕಥೆ ಸೊರಗಲು ಅದೂ ಒಂದು ಕಾರಣ.

ಇಷ್ಟು ನುರಿತವರು ಸೇರಿ ಮಾಡಿದಾಗ ಯಾಕೆ ಹೀಗಾಗುತ್ತದೆ? ಕೆಟ್ಟ ಮನಸ್ಸಿನಿಂದ ಯಾರೂ ಸಡಿಲ ಕಥೆ ಬರೆಯುವುದಿಲ್ಲ. ಜುಲೈ–ಆಗಸ್ಟ್ ಕೊರಿಯಾದಲ್ಲಿ ದೊಡ್ಡ ಬಿಡುಗಡೆಗಳ ಕಾಲ. 2013ರ ‘ನ್ಯೂ ವರ್ಲ್ಡ್’ ಆದ ಮೇಲೆ ಇನ್‌ನಾಮ್ ಪಾತ್ರದ ಹ್ವಾಂಗ್ ಜುಂಗ್-ಮಿನ್ ಮತ್ತು ಲೀ ಜುಂಗ್-ಜೇ ಮತ್ತೆ ಒಟ್ಟಿಗೆ ಬರುತ್ತಾರೆ ಅನ್ನೋದೇ ಈ ಚಿತ್ರದ ದೊಡ್ಡ ಆಕರ್ಷಣೆಯಾಗಿತ್ತು. ಇಬ್ಬರು ಸ್ಟಾರ್‌ಗಳು ಇದ್ದಾರೆ ಅಂದರೆ ಇಬ್ಬರಿಗೂ ಎಂಟ್ರಿ ಬೇಕು, ಇಬ್ಬರೂ ಎದುರಾಗುವ ಫೈಟ್ ಬೇಕು. ಮಗುವಿನ ಕಥೆಗೆ ರೇ ಅಗತ್ಯವೋ ಅಲ್ಲವೋ ಅನ್ನುವ ಪ್ರಶ್ನೆ ಅಲ್ಲಿ ಹಿಂದೆ ಸರಿಯುತ್ತದೆ. ಮಗುವನ್ನು ಬಿಡಿಸುವ ಒಂಟಿ ಗಂಡಸಿನ ಕಥೆಗೆ ಅಲ್ಲಿ ಸಿದ್ಧ ಅಚ್ಚೂ ಇದೆ. 2010ರಲ್ಲಿ ಅದೇ ಎಳೆಯ ‘ದಿ ಮ್ಯಾನ್ ಫ್ರಮ್ ನೋವೇರ್’ ಆ ವರ್ಷದ ಅತಿ ಹೆಚ್ಚು ಜನ ನೋಡಿದ ಕೊರಿಯನ್ ಸಿನಿಮಾ ಆಗಿತ್ತು. ಅಚ್ಚು ಸಿಕ್ಕರೆ ಬರೆಯುವವರು “ಇದು ಪ್ರೇಕ್ಷಕರಿಗೆ ಗೊತ್ತೇ ಇದೆ” ಅಂತ ಕಾರಣಗಳನ್ನು ಬಿಟ್ಟು ಮುಂದೆ ಹೋಗುತ್ತಾರೆ.

ನನ್ನ ಟೇಬಲ್ ಮೇಲೆ ನಡೆಯುವುದನ್ನೂ ಹೇಳುತ್ತೇನೆ, ಇದು ಈ ಚಿತ್ರದ್ದಲ್ಲ, ಎಲ್ಲ ಕಡೆಯದು. ಸಿನಿಮಾ ಉದ್ದವಾಯಿತು ಅಂದ ತಕ್ಷಣ ಕತ್ತರಿ ಬೀಳುವುದು ಮಾತಿನ ದೃಶ್ಯಕ್ಕೆ. ಇಬ್ಬರು ಅಡುಗೆಮನೆಯಲ್ಲಿ ಕೂತು ಮಾತಾಡುವ ಎರಡು ನಿಮಿಷ ಹಾರಿಸುವುದು ಸುಲಭ. ಹೊರದೇಶದಲ್ಲಿ ರಸ್ತೆ ಬಂದ್ ಮಾಡಿಸಿ ತೆಗೆದ ಚೇಸ್ ಮುಟ್ಟಲು ಯಾರಿಗೂ ಕೈ ಬರುವುದಿಲ್ಲ, ಅಷ್ಟು ದುಡ್ಡು ಸುರಿದಿರುತ್ತಾರೆ. ಹಾಗೆ ಹಾರಿಸಿದ ಎರಡು ನಿಮಿಷದಲ್ಲೇ ಪಾತ್ರಗಳ ಕಾರಣ ಇರುತ್ತದೆ.

ಇಷ್ಟಾದರೂ ಆ ಸಿನಿಮಾ ಗೆದ್ದಿತು. ಕೋವಿಡ್ ಭಯದ ನಡುವೆ ಕೊರಿಯಾದ ಚಿತ್ರಮಂದಿರಗಳಲ್ಲಿ 43 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಾಟವಾಯಿತು. 2020ರಲ್ಲಿ ಅಲ್ಲಿ ಎರಡನೇ ಸ್ಥಾನ ಇದಕ್ಕೆ. ಮನೆಯೊಳಗೆ ಕೂತು ಸಾಕಾಗಿದ್ದ ಜನರಿಗೆ ಮೂರು ದೇಶ ಸುತ್ತಿಸಿ, ದೊಡ್ಡ ಪರದೆಯಲ್ಲಿ ಮೈ ಜುಮ್ಮೆನಿಸಿ ಕಳಿಸುವ ಸಿನಿಮಾ ಬೇಕಾಗಿತ್ತು. ಅದು ಸಣ್ಣ ಸಾಧನೆ ಅಲ್ಲ. ತಮ್ಮ ಈ ಅಂಕಿ ಹಿಡಿದು ವಾದಿಸಿದರೆ ಇಷ್ಟು ಹೇಳಿ: ಅವರ ಹತ್ತಿರ ಹಾಂಗ್ ಕ್ಯುಂಗ್-ಪ್ಯೋ ಇದ್ದರು, ಇಬ್ಬರು ಸ್ಟಾರ್ ಇದ್ದರು, ಮೂರು ದೇಶದ ಲೊಕೇಶನ್ ಇತ್ತು. ಕಥೆಯ ಸಡಿಲವನ್ನು ಅವು ಹೊತ್ತು ದಾಟಿಸಿದವು. ನಿನ್ನ ಹತ್ತಿರ ಹೊರುವವರು ಯಾರಿದ್ದಾರೆ?

ಇನ್ನು ಅವನ ಮುಂದಿರುವ ದಾರಿಗಳು. ಅವನಿಗೆ ನಿಜವಾಗಿ ಬೇಕಾದದ್ದು ಕ್ಯಾಮೆರಾ ಕೆಲಸ ಆಗಿದ್ದರೆ, ಕಥೆಯ ಹಂಗಿಲ್ಲದೆ 3–4 ನಿಮಿಷದ ಒಂದು ಫೈಟ್ ಅಥವಾ ಚೇಸ್ ತೆಗೆಯಲಿ. ಅದನ್ನು ಕಿರುಚಿತ್ರ ಅನ್ನದೆ ತನ್ನ ಕೆಲಸದ ಮಾದರಿ ಅಂತ ತೋರಿಸಲಿ. ಖರ್ಚು ಕಮ್ಮಿ, ಕೆಲಸ ಸಿಗುವ ಸಂಭವವೂ ಇದೆ. ಅಪಾಯ ಏನೆಂದರೆ, ನೋಡಿದವರು ಕ್ಯಾಮೆರಾ ಕೆಲಸಕ್ಕೆ ಕರೆಯುತ್ತಾರೆ, ನಿರ್ದೇಶನಕ್ಕೆ ಕರೆಯುವುದಿಲ್ಲ. ಅವನಿಗೆ ಬೇಕಾದದ್ದು ಯಾವುದು ಅಂತ ನೀವೇ ಕೇಳಿ. ಬಹಳ ಹುಡುಗರು ಇದನ್ನು ತಮಗೆ ತಾವೇ ಕೇಳಿಕೊಂಡಿರುವುದಿಲ್ಲ.

ನಿರ್ದೇಶನವೇ ಬೇಕು ಅಂದರೆ 20 ನಿಮಿಷ ಮೊದಲ ಚಿತ್ರಕ್ಕೆ ಜಾಸ್ತಿ. 8–10 ನಿಮಿಷಕ್ಕೆ ಇಳಿಸಲಿ. ಉಳಿದ ದುಡ್ಡಿನಲ್ಲಿ ಒಳ್ಳೆಯ ಸೌಂಡ್ ರೆಕಾರ್ಡಿಸ್ಟ್ ಒಬ್ಬರನ್ನು ಕರೆಸಲಿ. ನೋಡುವವರು ಮಂಕು ಚಿತ್ರ ಸಹಿಸುತ್ತಾರೆ, ಕೇಳಿಸದ ಮಾತು ಸಹಿಸುವುದಿಲ್ಲ. ಮೊದಲು ಇಡೀ ಚಿತ್ರವನ್ನು ಗೆಳೆಯರನ್ನು ನಿಲ್ಲಿಸಿ ಮೊಬೈಲ್‌ನಲ್ಲಿ ಒಂದು ಸಲ ತೆಗೆದು, ಒರಟಾಗಿ ಜೋಡಿಸಿ ನೋಡಲಿ. ಬಣ್ಣ ಇಲ್ಲ, ಮ್ಯೂಸಿಕ್ ಇಲ್ಲ. ಆಗಲೂ ನೀವು ಕೊನೆವರೆಗೆ ಕೂತರೆ ಕಥೆ ನಿಂತಿದೆ. ಇದರಲ್ಲೂ ಅಪಾಯ ಇದೆ. ಮೊಬೈಲ್ ಕಟ್ ನೋಡಿ ಕೆಲವರ ಉತ್ಸಾಹ ಪೂರ್ತಿ ಇಳಿದುಬಿಡುತ್ತದೆ. ಆ ವಾರ ನೀವು ಅವನ ಹತ್ತಿರ ಇರಿ.

ಬರೆಯಲು ಬೇರೆಯವರನ್ನು ಸೇರಿಸಿಕೊಳ್ಳುವುದು ಇನ್ನೊಂದು ದಾರಿ. ಬರೆಯುವವರಿಗೆ ನಮ್ಮಲ್ಲಿ ಕೊರತೆ ಇಲ್ಲ, ಕರೆಯುವವರು ಕಮ್ಮಿ. ಇದು ಒಳ್ಳೆಯ ದಾರಿ, ಆದರೆ ಜಗಳದ ದಾರಿಯೂ ಹೌದು. ಹೆಸರು ಯಾರದು, ಕೊನೆಯ ಮಾತು ಯಾರದು ಅಂತ ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಲಿ. ಗೆಳೆತನದಲ್ಲಿ ಇದೆಲ್ಲ ಯಾಕೆ ಅಂತ ಬಿಟ್ಟವರು ಎಡಿಟಿಂಗ್ ಕೋಣೆಯ ಹೊರಗೆ ಮಾತು ಬಿಟ್ಟು ನಿಂತದ್ದನ್ನು ನೋಡಿದ್ದೇನೆ.

ಇರುವ ಒಂದು ಪುಟವನ್ನೇ ಇಟ್ಟುಕೊಳ್ಳುತ್ತೇನೆ ಅಂತ ಅವನು ಹಟ ಮಾಡಬಹುದು. ಮಾಡಲಿ. ಮಗುವನ್ನು ಬಿಡಿಸುವ ಕಥೆಯೇ ಇರಲಿ, ಸೇಡೇ ಇರಲಿ, ಹಳೆಯ ಅಚ್ಚಿನಲ್ಲಿ ತಪ್ಪಿಲ್ಲ. ಅದರಲ್ಲಿ ಒಂದು ಕಡೆಯಾದರೂ ನಾಯಕ ಎರಡು ಬೇಕಾದ ವಸ್ತುಗಳಲ್ಲಿ ಒಂದನ್ನು ಕಳೆದುಕೊಳ್ಳಲೇಬೇಕು, ಮತ್ತು ಕಳೆದುಕೊಂಡದ್ದರಿಂದಲೇ ಮುಂದಿನ ದೃಶ್ಯ ಹುಟ್ಟಬೇಕು. ಯುಯಿಯ ದೃಶ್ಯಗಳನ್ನು ಮತ್ತೆ ಹಾಕಿ ತೋರಿಸಿ, ಇದನ್ನು ಅವನು ನನಗಿಂತ ಬೇಗ ಹಿಡಿಯುತ್ತಾನೆ. ಅವನಿಗೆ ಕಣ್ಣಿದೆ ಅಂತ ನಿಮ್ಮ ಪತ್ರದಿಂದಲೇ ಗೊತ್ತಾಗುತ್ತದೆ.

ಕ್ಯಾಮೆರಾ ಬಾಡಿಗೆಯ ದಿನಾಂಕ ಮುಂದೂಡಬಹುದಾ ಅಂತ ಈ ವಾರವೇ ವಿಚಾರಿಸಲು ಹೇಳಿ. ಮುಂಗಡ ಕೊಟ್ಟಿದ್ದರೆ ಅದರಲ್ಲಿ ಸ್ವಲ್ಪ ಹೋಗಬಹುದು. ಶೂಟಿಂಗ್ ದಿನ ಸೆಟ್‌ನಲ್ಲಿ ಎಲ್ಲರನ್ನೂ ನಿಲ್ಲಿಸಿಕೊಂಡು “ಇವನು ಇಲ್ಲಿ ಯಾಕೆ ಬರುತ್ತಾನೆ” ಅಂತ ಯೋಚಿಸುತ್ತ ಕೂತರೆ ಹೋಗುವುದು ಅದಕ್ಕಿಂತ ಜಾಸ್ತಿ. ದಿನಾಂಕ ಸಿಕ್ಕ ಮೇಲೆ, ಆ ಪುಟವನ್ನು ಅವನು ಅಮ್ಮನಿಗೆ ಬಾಯಲ್ಲಿ ಹೇಳಲಿ. ನೀವು ಪಕ್ಕದಲ್ಲಿದ್ದು, ಅಮ್ಮ ಎಲ್ಲಿ “ಯಾಕೆ?” ಅಂತ ಕೇಳಿದರು ಅನ್ನೋದನ್ನು ಗುರುತು ಹಾಕಿಕೊಳ್ಳಿ. ಪ್ರತಿ “ಯಾಕೆ”ಗೂ ಉತ್ತರ ಮಾತಿನಲ್ಲಿ ಬೇಕಾಗಿಲ್ಲ, ದೃಶ್ಯದಲ್ಲಿ ಸಿಕ್ಕರೂ ಸಾಕು. ಹಾಗೆ ತಿದ್ದಿದ ಪುಟವನ್ನು ನನಗೆ ಕಳಿಸಿ, ಓದಿ ಹೇಳುತ್ತೇನೆ.